ಫ್ರ್ಯಾಂಕ್‌ಫರ್ಡ್ ಪುರದ ಗೃಹನಿರ್ಮಾಣ ಸಂಘವೂ ಅದರ ಮೊದಲನೆಯ ಸಾಲಗಾರನೂ

ಇರುವ ಮನೆಯನ್ನು ಆಧಾರವಾಗಿ ಬರೆದುಕೊಟ್ಟು ಸಾಲವನ್ನು ಪಡೆಯುವ ಪದ್ಧತಿ ಎಲ್ಲ ದೇಶಗಳಲ್ಲಿಯೂ ಪುರಾತನವಾದುದು. ಇನ್ನು ಮುಂದೆ ಕೊಳ್ಳಬೇಕಾಗಿರುವ ಮನೆಯನ್ನೇ ಆಧಾರ ಮಾಡಿಕೊಂಡು, ಹಿಂದೆ ಸಾಲಮಾಡಿ ತೀರಿಸಿದನೆಂಬುದಕ್ಕೆ ಯಾವ ದಾಖಲೆಯೂ ಇಲ್ಲದ ಕೂಲಿಯವನಿಗೆ ಹಣವನ್ನು ಕೊಡುವುದಾದರೋ ಬೇರೆಯ ಮಾತು. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಅಮೆರಿಕದ ಬ್ಯಾಂಕುಗಳು ಮುಖ್ಯವಾಗಿ ವರ್ತಕರ ಹುಂಡಿಗಳ ಮೇಲೆ ಅಲ್ಪಾವಧಿಯ ಸಾಲಗಳನ್ನು ಕೊಡುತ್ತಿದ್ದುವು. ದಿನಗೂಲಿಯಿಂದ ಜೀವಿಸುವವನಿಗೆ ಅಲ್ಲಿ ಪ್ರವೇಶವಿರಲಿಲ್ಲವೆಂದೇ ಹೇಳಬಹುದು.

ಈ ಕೊರತೆಯನ್ನು ನೀಗಿಸಲು ಅಲ್ಲಿ ನಡೆದ ಮೊದಲನೆಯ ಪ್ರಯತ್ನವೇ ೧೮೩೧ನೆಯ ಇಸವಿ ಜನವರಿ ೩ರಂದು ಸ್ಥಾಪಿತವಾದ ಆಕ್ಸ್‌ಫರ್ಡ್ ಪ್ರಾವಿಡೆಂಟ್ ಗೃಹನಿರ್ಮಾಣ ಸಂಘ. ಇದರ ನೆಲೆ ಫಿಲಡೆಲ್ಫಿಯಾ ನಗರದ ಬಳಿಯ ಫ್ರ್ಯಾಂಕ್‌ಫರ್ಡ್. ಆ ಪುರವು ೧೮೫೪ರಲ್ಲಿ ನಗರದೊಳಗೆ ಸೇರಿಹೋಯಿತು. ಸಂಘವನ್ನು ಕಟ್ಟುವುದರಲ್ಲಿ ಮುಂದಾದ ಸ್ಯಾಮ್ಯುಯೆಲ್ ಪಿಲ್ಲಿಂಗ್, ಜೆರಮಯಾ ಹೊರಕ್ಸ್ ಎಂಬವರು ಇಂಗ್ಲೆಂಡಿನಿಂದ ಬಂದು ಬಟ್ಟೆಯ ಉದ್ಯಮವನ್ನು ನಡೆಸುತ್ತಿದ್ದವರು. ಇಂಗ್ಲೆಂಡಿನಲ್ಲಿ ಇಂತಹ ಸಂಘಗಳು ೧೭೭೫ರಷ್ಟು ಹಿಂದೆಯೇ, ಬರ್ಮಿಂಗ್‌ಹ್ಯಾಮಿನ ಗೋಲ್ಡನ್ ಕ್ರಾಸ್ ಎಂಬ ಪಾನಗೃಹದಲ್ಲಿ, ರಿಚರ್ಡ್ ಕೆಟ್ಲಿ ಎಂಬಾತನಿಂದ ಆರಂಭವಾಗಿದ್ದುವು.

ಸಂಘದ ಒಂದೊಂದು ಪಾಲಿನ ಬೆಲೆ ೫೦೦ ಡಾಲರು. ಸೇರುವಾಗ ೫ ಡಾಲರು, ಆಮೇಲೆ ತಿಂಗಳಿಗೆ ೩ ಡಾಲರು ಕೊಡತಕ್ಕುದು. ಹೀಗೆ ಕೂಡಿದ ಹಣವನ್ನು ಸದಸ್ಯರ ಮುಂದೆ ಹರಾಜಿಗೆ ಇಡುತ್ತಿದ್ದರು. ಯಾರು ಹೆಚ್ಚಿನ ಪ್ರತಿಫಲವನ್ನು ಒಪ್ಪುವರೋ ಅವರಿಗೆ ಸಾಲ. ನಮ್ಮ ಕಡೆಯ ಹರಾಜು ಚೀಟಿಯನ್ನು ಬಲ್ಲವರಿಗೆ ಇದರ ಮರ್ಮವನ್ನು ವಿವರಿಸಬೇಕಾದುದಿಲ್ಲ. ಭೇದವಿಷ್ಟೆ: ಇಲ್ಲಿ ಹಣವು ಮನೆಗಲ್ಲದೆ ಮತ್ತಾವುದಕ್ಕೂ ಸಲ್ಲದು, ಆ ಮನೆಯೂ ಸಂಘಕ್ಕೆ ಆಧಾರವಾಗಿ ನಿಲ್ಲುವುದು.

ನಿಯಮಗಳಲ್ಲಿ ಇನ್ನೊಂದು ವಿಶೇಷವಾಗಿ ಪರಿಶೀಲನಾರ್ಹವಾಗಿದೆ. ಕೊಳ್ಳುವ ಮನೆಯು ಫ್ರ್ಯಾಂಕ್‌ಫರ್ಡಿನ ಸಂತೆಕಟ್ಟೆಯಿಂದ ೫ ಮೈಲಿಗಳ ಒಳಗೇ ಇರತಕ್ಕುದೆಂದು ವಿಧಿಸಿದ್ದರು. ಮೇಲುನೋಟಕ್ಕೆ ಇದು ಸಂಕುಚಿತವಾದ ಕಟ್ಟಳೆ. ವಾಸ್ತವವಾಗಿ, ಬರೆಹದ ದಾಖಲೆ ಮಾಡಬೇಕಾದ ಕೆಲಸವನ್ನು ಈ ಐದು ಮೈಲಿಗಳೇ ಮಾಡುತ್ತಿದ್ದುವು. ಸಾಲಗಾರನು ದುಡಿಯುವನೋ ಕುಡಿಯುವನೋ ಎಂಬುದನ್ನು ನೆರೆಯವರು ಬಲ್ಲರು. ತಿಂಗಳ ಹಣ ತಪ್ಪಿದರೆ ಅದು ಆತನ ಗೆಳೆಯರ ಹಣವೇ.

ಆ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಮೊದಲನೆಯ ಸಾಲವು ಕಾಮ್ಲಿ ರಿಚ್ ಎಂಬವನಿಗೆ ದೊರೆಯಿತು. ಈತನು ಬೀದಿಯ ದೀಪಗಳನ್ನು ಹೊತ್ತಿಸುವ ಕೆಲಸದವನು; ಮೊಬಲಗು ೩೭೫ ಡಾಲರು; ಮನೆಯು ಆರ್ಚರ್ಡ್ ಬೀದಿಯಲ್ಲಿದ್ದಿತು. ಆ ದೇಶದ ಗೃಹಸಾಲ ಸಂಸ್ಥೆಗಳು ತಮ್ಮ ಚರಿತ್ರೆಯನ್ನು ಹೇಳುವಾಗಲೆಲ್ಲ ಈತನನ್ನು ಆದಿಪುರುಷನಂತೆ ಕೊಂಡಾಡುವುದುಂಟು. ಆದರೆ ರಿಚ್ ತನ್ನ ಕಂತುಗಳನ್ನು ಸರಿಯಾಗಿ ಸಲ್ಲಿಸಲಾರದೆ ಹೋದನು. ಬಾಕಿ ಬೆಳೆಯಿತು. ಕಡೆಗೆ ಮತ್ತೊಬ್ಬ ಸದಸ್ಯನು ಆ ಸಾಲವನ್ನು ತನ್ನ ಮೇಲೆ ಹಾಕಿಕೊಂಡನು.

ಇದರಿಂದ ಐದು ಮೈಲಿಗಳ ಪರಿಚಯವು ವ್ಯರ್ಥವಾಯಿತೆಂದು ತೀರ್ಮಾನಿಸುವುದು ಆತುರವಾದೀತು. ದೀಪದವನಿಗೆ ಮನೆ ತಪ್ಪಿದುದು ನಿಜ, ಅದು ಸಣ್ಣ ನಷ್ಟವಲ್ಲ, ಸಂಘವಾದರೋ ಮುರಿಯಲಿಲ್ಲ. ನೆರೆಯವರ ಪರಿಚಯವು ತಪ್ಪುವವನನ್ನು ಮೊದಲೇ ಕಂಡುಹಿಡಿಯಲಾರದು. ತಪ್ಪಿದ ಮೇಲೆ ಹೊರೆಯನ್ನು ಹೊರುವ ಹೆಗಲನ್ನು ಮಾತ್ರ ಬೇಗ ಒದಗಿಸಬಲ್ಲುದು.

ಸಂಘವು ಶಾಶ್ವತವಾಗಿರಲೆಂದು ಹುಟ್ಟಿದುದಲ್ಲ. ಪಾಲುಗಳು ಪೂರ್ಣವಾದೊಡನೆ ವಿಸರ್ಜನವಾಗತಕ್ಕುದು. ಅದು ೧೮೪೧ರಲ್ಲಿ ಮುಕ್ತಾಯವಾಯಿತು. ಅದೇ ವರ್ಷದಲ್ಲಿ ನ್ಯೂಯಾರ್ಕಿನಲ್ಲಿ ಲೂಯಿಸ್ ಟ್ಯಾಪನ್ ಎಂಬಾತನು ದೂರದೂರುಗಳ ವರ್ತಕರ ನಡತೆ, ಆಸ್ತಿ, ಸಾಲಗಳನ್ನು ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟು, ಹಣ ಪಡೆದು ತಿಳಿಸುವ ಕಚೇರಿಯೊಂದನ್ನು ತೆರೆದನು. ಕಾಣದವನನ್ನು ಕಾಗದದಿಂದ ಅಳೆಯುವ ಈ ಪದ್ಧತಿಯ ಕಣ್ಣು ಇದ್ದುದು ವ್ಯಾಪಾರಿಗಳ ಮೇಲೆ. ಬೀದಿಯ ದೀಪ ಹೊತ್ತಿಸುವವನ ಹೆಸರಿಗೆ ಆ ಪುಸ್ತಕಗಳಲ್ಲಿ ಎಡೆಯಿರಲಿಲ್ಲ.