ಸೆನ್ಸಾರಿನವರು ಓದಿದ ಕಾಗದಗಳು

ಮೊದಲ ಮಹಾಯುದ್ಧದಲ್ಲಿ, 1914ರ ಸೆಪ್ಟೆಂಬರ್ ಕೊನೆಯಲ್ಲಿ, ಬ್ರಿಟಿಷ್ ಇಂಡಿಯಾದ ಸೈನ್ಯದ ಲಾಹೋರ್ ಡಿವಿಷನ್ನಿನ ಸಿಪಾಯಿಗಳು ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಇಳಿದಾಗ ಅವರ ಮೈಮೇಲಿದ್ದದ್ದು ತೆಳು ಖಾಕಿ ಬಟ್ಟೆ. ಕೆಲವೇ ವಾರಗಳಲ್ಲಿ ಅವರು ಬೆಲ್ಜಿಯಂನ ಈಪ್ರ್ ಬಳಿ ಮೊಳಕಾಲುದ್ದ ಕೆಸರಿನ ಕಂದಕಗಳಲ್ಲಿದ್ದರು. ಶತ್ರುವಿನ ಮುಖ ಕಾಣದು, ತಲೆಯ ಮೇಲೆ ಶೆಲ್ಲುಗಳ ಸುರಿಮಳೆ.

ಅವರು ಕೆಚ್ಚಿಲ್ಲದವರಲ್ಲ. ಒಂದೇ ಸೀಮೆಯ, ಒಂದೇ ಜಾತಿಯವರನ್ನು ಒಂದು ಕಂಪನಿಯಲ್ಲಿ ಇಡುವುದು ಆಗಿನ ಪದ್ಧತಿ. ಪಕ್ಕದಲ್ಲಿ ನಿಂತವನು ಎಷ್ಟೋ ಸಲ ಚಿಕ್ಕಪ್ಪನ ಮಗನೋ ನೆರೆಯೂರಿನವನೋ ಆಗಿರುತ್ತಿದ್ದ. ಹಿಂದೆಗೆದರೆ ಸುದ್ದಿ ಊರು ಮುಟ್ಟುತ್ತದೆ. ಮೇಲಿನ ಬ್ರಿಟಿಷ್ ಅಧಿಕಾರಿಗೆ ಅವರ ಭಾಷೆ ಗೊತ್ತು, ಮನೆಯ ಕಷ್ಟವೂ ಗೊತ್ತು. ಮೊದಲ ಕೆಲವು ತಿಂಗಳಲ್ಲೇ ಆ ಅಧಿಕಾರಿಗಳಲ್ಲಿ ಬಹಳಷ್ಟು ಮಂದಿ ಸತ್ತರು. ಸತ್ತ ಸಿಪಾಯಿಗಳ ಜಾಗಕ್ಕೆ ಬೇರೆ ರೆಜಿಮೆಂಟುಗಳಿಂದ ಗುರುತಿಲ್ಲದವರು ಬಂದರು. ಸಿಪಾಯಿಗಳನ್ನು ಎತ್ತಿ ಹಿಡಿದಿದ್ದ ಕಂಬಗಳು ಮುರಿದದ್ದು ಅಲ್ಲಿ.

ಇಂಥ ಮುರಿತ ನನಗೆ ಹೊಸದಲ್ಲ; ಸೈನಿಕ ಆಸ್ಪತ್ರೆಯ ಮನೋರೋಗ ವಾರ್ಡಿನಲ್ಲಿ ನರ್ಸಾಗಿ ದುಡಿದವಳು ನಾನು. ಜವಾನರು ಭಯವಾಗುತ್ತದೆ ಎನ್ನುವುದಿಲ್ಲ. ತಲೆನೋವು, ಹೊಟ್ಟೆ ಸರಿಯಿಲ್ಲ, ನಿದ್ದೆ ಬರುತ್ತಿಲ್ಲ ಎನ್ನುತ್ತಾರೆ. ಧಾರವಾಡದ ಕಡೆಯ ಹವಾಲ್ದಾರರೊಬ್ಬರು ಒಮ್ಮೆ ಹೇಳಿದ್ದರು: "ಅಲ್ಲಿ ಇದ್ದಾಗ ಏನೂ ಆಗೂದಿಲ್ಲರೀ ಸಿಸ್ಟರ್. ರಜಾ ಮುಗಿಯೂದು ಹತ್ತಿರ ಬಂತಂದ್ರ ಕೈ ನಡುಗಾಕ ಶುರು ಆಗ್ತೈತಿ." 1915ರ ಸಿಪಾಯಿಗಳ ದೊಡ್ಡ ಸಂಕಟವೂ ಇದೇ. ಗಾಯ ಮಾಯ್ದವರನ್ನು ಮತ್ತೆ ಕಂದಕಕ್ಕೇ ಕಳಿಸುತ್ತಿದ್ದರು. ಒಮ್ಮೆ ರಕ್ತ ಹರಿಸಿದವನಿಗೆ ಮನೆಗೆ ಹೋಗುವ ಹಕ್ಕಿದೆ ಎಂದು ನಂಬಿದ್ದವರಿಗೆ ಅದು ಮೋಸವೆನಿಸಿತು.

ಸೈನ್ಯದ ಮೇಲಧಿಕಾರಿಗಳಿಗೆ ಕಂಡದ್ದು ಮಾತ್ರ ಕೈಗಳು. ಅಂಗೈಗೆ ಗುಂಡು ತಗುಲಿದ ಭಾರತೀಯರು ಬಹಳ ಇದ್ದರು. ತಾವೇ ಹೊಡೆದುಕೊಂಡರೆಂಬ ಅನುಮಾನ ಹುಟ್ಟಿತು. ಬ್ರೈಟನ್ನಿನ ಕಿಚನರ್ ಇಂಡಿಯನ್ ಆಸ್ಪತ್ರೆಯ ಮುಖ್ಯಸ್ಥ ಕರ್ನಲ್ ಬ್ರೂಸ್ ಸೆಟನ್ 1,000 ಗಾಯಗಳನ್ನು ಪರಿಶೀಲಿಸಿ, ಆ ಅನುಮಾನಕ್ಕೆ ಆಧಾರವಿಲ್ಲವೆಂದು ವರದಿ ಬರೆದರು. ಇಷ್ಟು ಎಣಿಸುವ ತಾಳ್ಮೆ ಇದ್ದವರು ಆ ಸಿಪಾಯಿಗಳ ನಿದ್ದೆಯ ಬಗ್ಗೆಯೂ ಕೇಳಬಹುದಿತ್ತು ಎಂದು ನನಗೆ ಸಿಟ್ಟು ಬರುತ್ತದೆ.

ಮನಸ್ಸಿನ ಮಾತು ಉಳಿದದ್ದು ಕಾಗದಗಳಲ್ಲಿ. ಊರಿಗೆ ಬರೆದದ್ದನ್ನೆಲ್ಲ ಸೆನ್ಸಾರಿನವರು ಓದುತ್ತಾರೆಂದು ಸಿಪಾಯಿಗಳಿಗೆ ಗೊತ್ತಿತ್ತು. ಅದಕ್ಕೇ ಭಾರತೀಯರನ್ನು ಕರಿಮೆಣಸು ಎಂದೂ ಬಿಳಿಯರನ್ನು ಕೆಂಪು ಮೆಣಸು ಎಂದೂ ಕರೆದರು. ಇಂಡಿಯಾದಿಂದ ಬಂದ ಕರಿಮೆಣಸೆಲ್ಲ ಖರ್ಚಾಯಿತು, ಇನ್ನಷ್ಟು ತರಿಸುತ್ತಾರೆ ಎಂಬ ಅರ್ಥದ ಮಾತು ಒಂದು ಕಾಗದದಲ್ಲಿದೆ. ತಮ್ಮನನ್ನು ಸೈನ್ಯಕ್ಕೆ ಸೇರಿಸಬೇಡಿ ಎಂದು ಮನೆಯವರಿಗೆ ಹೇಳಲು ಅದೊಂದು ದಾರಿ. ಕೆಲವರು ಪದ್ಯ ಬರೆಯತೊಡಗಿದರು. ಸೆನ್ಸಾರ್ ಮುಖ್ಯಸ್ಥ ಕ್ಯಾಪ್ಟನ್ ಇವ್ಲಿನ್ ಹೊವೆಲ್ 1915ರ ಜನವರಿಯಲ್ಲಿ ಇದನ್ನು ಗಮನಿಸಿ, ಮನಸ್ಸು ಕದಡಿರುವುದರ ಅಪಶಕುನವೆಂದು ವರದಿ ಮಾಡಿದ. ಅವನ ಕಣ್ಣು ಸೂಕ್ಷ್ಮ, ಒಪ್ಪುತ್ತೇನೆ. ಆದರೆ ನಾನು ವಾರ್ಡಿನಲ್ಲಿ ಕಂಡಂತೆ, ಹಾಡು ಗುನುಗುವವನಿಗಿಂತ ಏನನ್ನೂ ಹೇಳದೆ ಗೋಡೆ ನೋಡುವವನ ಬಗ್ಗೆ ಹೆಚ್ಚು ಹೆದರಬೇಕು.

ಎರಡು ವರ್ಷಗಳ ನಂತರ ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಮನೋರೋಗ ಆಸ್ಪತ್ರೆಯಲ್ಲಿ ಪದ್ಯಕ್ಕೆ ಬೇರೆಯೇ ಮರ್ಯಾದೆ ಸಿಕ್ಕಿತು. ಅಲ್ಲಿನ ರೋಗಿಗಳೇ 'ದಿ ಹೈಡ್ರಾ' ಎಂಬ ಪತ್ರಿಕೆ ನಡೆಸುತ್ತಿದ್ದರು. 1917ರಲ್ಲಿ ಕವಿ ವಿಲ್‌ಫ್ರೆಡ್ ಓವೆನ್ ಅದರ ಸಂಪಾದಕನಾಗಿದ್ದ. ಕಂಡದ್ದನ್ನು ಮರೆತುಬಿಡಿ ಎನ್ನಬೇಡಿ, ಮಾತಾಡಲು ಬಿಡಿ ಎಂದು ಅಲ್ಲಿ ವಾದಿಸಿದ ವೈದ್ಯ ಡಬ್ಲ್ಯು. ಎಚ್. ಆರ್. ರಿವರ್ಸ್. ಮೈಸೂರಿನ ಪಕ್ಕದ ನೀಲಗಿರಿಯಲ್ಲಿ 1901-02ರಲ್ಲಿ ತೋಡರ ನಡುವೆ ಕುಳಿತು, ಅವರ ವಂಶಾವಳಿಗಳನ್ನು ಕೇಳಿ ಬರೆದುಕೊಂಡವರು ಇವರೇ. ಕೇಳುವ ವಿದ್ಯೆ ಅವರಿಗೆ ಕರಗತವಾಗಿತ್ತು. ಆದರೆ ಕ್ರೇಗ್‌ಲಾಕ್‌ಹಾರ್ಟ್ ಅಧಿಕಾರಿಗಳಿಗೆ ಮೀಸಲು. ಬ್ರಿಟಿಷ್ ಸಾಮಾನ್ಯ ಸೈನಿಕನಿಗೂ ಅಲ್ಲಿ ಜಾಗವಿರಲಿಲ್ಲ.

ಭಾರತೀಯ ಪದಾತಿಯನ್ನು 1915ರ ಕೊನೆಯಲ್ಲಿ ಫ್ರಾನ್ಸಿನಿಂದ ತೆಗೆದರು. ಕಳಿಸಿದ್ದು ಊರಿಗಲ್ಲ, ಮೆಸಪೊಟೇಮಿಯಾದ ಯುದ್ಧಕ್ಕೆ. ಸಿಪಾಯಿಗಳ ಆ ಕಾಗದಗಳ ಇಂಗ್ಲಿಷ್ ಅನುವಾದದ ತುಣುಕುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮನೋರೋಗ ವಾರ್ಡಿಗೆ ಬರುವ ಹೊಸ ನರ್ಸುಗಳಿಗೆ ಪಠ್ಯಪುಸ್ತಕಕ್ಕಿಂತ ಮೊದಲು ಅವನ್ನು ಓದಿಸಬೇಕು ಎಂಬುದು ನನ್ನ ಹಟ.