ಕೌದಿಯಲ್ಲಿ ಉಳಿದ ಚರಿತ್ರೆ

ಆಫ್ರಿಕದ ಜನರ ಕರಕೌಶಲವೆಂದೊಡನೆ ನಮ್ಮ ಮನಸ್ಸು ಕಡಲನ್ನು ದಾಟಿ ಬೆನಿನ್ ನಗರದ ಲೋಹಪ್ರತಿಮೆಗಳ ಕಡೆಗೋ ಅಶಾಂತಿ ಜನರ ನೆಯ್ಗೆಯ ಕಡೆಗೋ ಹರಿಯುವುದು ಸಹಜ. ಆದರೆ ತುಮಕೂರು, ಗುಬ್ಬಿ, ಕುಣಿಗಲುಗಳಲ್ಲಿ ಕುಳಿತು ಈ ಮಾತನ್ನು ಕೇಳುವ ಮಹನೀಯರು ಅಷ್ಟು ದೂರ ಪ್ರಯಾಣ ಮಾಡಬೇಕಾದುದಿಲ್ಲ. ಕನ್ನಡನಾಡಿನೊಳಗೇ, ಯಲ್ಲಾಪುರ, ಹಳಿಯಾಳ, ಮುಂಡಗೋಡು ಮುಂತಾದ ತಾಲ್ಲೂಕುಗಳ ಕಾಡಿನಂಚಿನಲ್ಲಿ, ಆಫ್ರಿಕದ ಮೂಲದವರಾದ ಸಿದ್ದಿ ಜನರು ಅನೇಕ ತಲೆಮಾರುಗಳಿಂದ ನೆಲೆಸಿದ್ದಾರೆ.

ಆಫ್ರಿಕದವರು ದಖ್ಖನಿಗೆ ಬಂದುದು ಒಂದೇ ದಾರಿಯಿಂದಲ್ಲ. ವಿಜಾಪುರದ ಆಸ್ಥಾನದಲ್ಲಿ ಹಬಸಿಗಳು ಸೇನಾನಿಗಳೂ ಮಂತ್ರಿಗಳೂ ಆದರು. ಎರಡನೆಯ ಇಬ್ರಾಹಿಮನು ಬಾಲಕನಾಗಿದ್ದಾಗ ದಿಲಾವರಖಾನನು 1582ರಿಂದ ಕೆಲವು ವರ್ಷ ರಾಜ್ಯಭಾರವನ್ನು ನಡೆಸಿದನು. ಮಹಮ್ಮದ್ ಆದಿಲಶಹನ (1627–1656) ಕಾಲದಲ್ಲಿ ಇಖ್ಲಾಸ್‌ಖಾನನು ಪ್ರಬಲ ಮಂತ್ರಿಯಾಗಿದ್ದನು. ಇದೇ ದೊರೆಯ ಸೈನ್ಯವು 1638ರ ಸುಮಾರಿಗೆ ದಕ್ಷಿಣಕ್ಕೆ ನುಗ್ಗಿ ಶಿರಾ ಸೀಮೆಯನ್ನು ವಶಪಡಿಸಿಕೊಂಡಿತು. ಆದುದರಿಂದ ಈ ಕಥೆ ತುಮಕೂರಿನ ಪ್ರಾಂತಕ್ಕೂ ತೀರ ಹೊರಗಿನದಲ್ಲ.

ಇನ್ನೊಂದು ದಾರಿ ದುಃಖದ್ದು. ಪೋರ್ಚುಗೀಸರು ಆಫ್ರಿಕದ ಪೂರ್ವತೀರದಿಂದ ಗೋವೆಗೆ ದಾಸರನ್ನು ತಂದರು. ತಪ್ಪಿಸಿಕೊಂಡವರು ಘಟ್ಟವನ್ನೇರಿ ಕಾಡನ್ನು ಸೇರಿದರು. ತಮ್ಮ ಅಧೀನದ ನಾಡುಗಳಲ್ಲಿ ದಾಸ್ಯವನ್ನು ತೊಡೆಯುವ ಆಜ್ಞೆಯನ್ನು ಆ ಸರಕಾರವು ಹೊರಡಿಸಿದುದು 1869ರಲ್ಲಿ. ಸಿದ್ದಿಯರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಪೂರ್ವಿಕರ ಭಾಷೆಗಳು ಮಾತ್ರ ಅಳಿದುಹೋದವು.

ಅಳಿಯದೆ ನಡೆದುಬಂದುದು ಕೈಗೆಲಸ. ಸಿದ್ದಿ ಸ್ತ್ರೀಯರು ಕೌದಿಯನ್ನು ಹೊಲಿಯುವ ಕ್ರಮವನ್ನು ಗಮನಿಸಿರಿ. ಹಳೆಯ ಸೀರೆಯೊಂದು ಅಡಿಯ ಬಟ್ಟೆ. ಸವೆದ ಅಂಗಿ, ರವಿಕೆ, ಲಂಗಗಳ ತುಂಡುಗಳೇ ಮೇಲಿನ ಬಣ್ಣ. ಹೊಲಿಗೆಯು ಒಂದು ಮೂಲೆಯಿಂದ ಹೊರಟು, ಅಂಚಿನ ಗುಂಟ ಸುತ್ತಿ ಸುತ್ತಿ, ಕಡೆಗೆ ನಡುವನ್ನು ಮುಟ್ಟುವುದು. ಮೊದಲೇ ಬರೆದಿಟ್ಟ ನಕ್ಷೆಯಿಲ್ಲ. ಯಾವ ತುಂಡಿನ ಪಕ್ಕದಲ್ಲಿ ಯಾವುದು ಒಪ್ಪುವುದೆಂಬುದನ್ನು ಕಣ್ಣೇ ನಿರ್ಣಯಿಸುವುದು. ಕೊನೆಗೆ ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ಹೂಗಳನ್ನು ಇಡಬೇಕು. ಅವಿಲ್ಲದ ಕೌದಿಯನ್ನು ಅವರು ಬತ್ತಲೆಯೆಂದು ಎಣಿಸುವರು. ಕ್ರೈಸ್ತರ ಕೌದಿಯಲ್ಲಿ ಶಿಲುಬೆಯೂ ಮುಸಲ್ಮಾನರದರಲ್ಲಿ ಅರ್ಧಚಂದ್ರವೂ ಕಾಣುವುದುಂಟು. ತೊಟ್ಟಿಲಿನ ಕೂಸಿನ ಕೌದಿಗೆ ವಿಶೇಷವಾದ ಅಲಂಕಾರ.

ಇದು ಆಫ್ರಿಕದಿಂದ ತಂದ ವಿದ್ಯೆಯೆ? ಹೌದೆಂದು ತಟ್ಟನೆ ಹೇಳುವುದು ಸಾಹಸವಾದೀತು. ಕೌದಿಯು ಕನ್ನಡದ ಅನೇಕ ಮನೆಗಳಲ್ಲಿ ಇರುವ ವಸ್ತು. ನಮ್ಮ ಅಜ್ಜಿಯರೂ ಹಳೆಯ ಸೀರೆಗಳನ್ನು ಮಡಿಸಿ ಹೊಲಿದವರೇ. ದಾಸನಾಗಿ ಹಡಗನ್ನೇರಿದವನು ಗಂಟು ಕಟ್ಟಿಕೊಂಡು ಬರಲಿಲ್ಲ. ಬೇರೆ ಬೇರೆ ಜನಾಂಗದವರು ಇಲ್ಲಿಗೆ ಬಂದು ಒಂದೇ ಜನಾಂಗವಾದರು. ಹಾಗಿರುವಾಗ ಕೌದಿಯಲ್ಲಿ ಇಂಥದೇ ಆಫ್ರಿಕದ ಗುರುತನ್ನು ಹುಡುಕುವುದಕ್ಕಿಂತ, ಎಲ್ಲವನ್ನೂ ಕಳೆದುಕೊಂಡವರು ಹೊಸ ನಾಡಿನ ಕಸುಬನ್ನು ಕೈಗೆತ್ತಿಕೊಂಡು ಅದಕ್ಕೆ ತಮ್ಮದೇ ಆದ ನಿಯಮವನ್ನೂ ಸೊಬಗನ್ನೂ ಕೊಟ್ಟರೆಂದು ತಿಳಿಯುವುದು ಹೆಚ್ಚು ನ್ಯಾಯ. ದಮಾಮಿ ವಾದ್ಯವನ್ನು ಬಾರಿಸಿ ಅವರು ಹಾಡಿ ಕುಣಿಯುವಾಗಲೂ ಈ ಮಾತು ನೆನಪಾಗುವುದು.

ದಾಸರ ಹಡಗಿನ ಲೆಕ್ಕದವರು ಮನುಷ್ಯರನ್ನು ಸಂಖ್ಯೆಯಾಗಿ ಬರೆದರು. ಸಿದ್ದಿ ಸ್ತ್ರೀಯಾದರೋ ತನ್ನ ಮನೆಯವರು ಉಟ್ಟು ತೊಟ್ಟ ಬಟ್ಟೆಯನ್ನೇ ಪತ್ರವನ್ನಾಗಿ ಮಾಡಿಕೊಂಡಳು. ಮೊದಲನೆಯದನ್ನು ಮಾತ್ರ ಚರಿತ್ರೆಯೆಂದು ಓದಿದರೆ ನಮ್ಮ ಓದು ಅರ್ಧವಾಗುವುದು.

2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2004ರಲ್ಲಿ ಕೌದಿ ಹೊಲಿಯುವ ಸ್ತ್ರೀಯರ ಸಹಕಾರ ಸಂಘವು ಹುಟ್ಟಿತು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಅವರ ಕೌದಿಗಳ ಪ್ರದರ್ಶನವು ನಡೆಯಿತು. ಪರದೇಶದವರು ಮೆಚ್ಚಿದ ಮೇಲೆ ನಾವು ಕಣ್ಣೆತ್ತಿ ನೋಡುವುದು ಹೊಸದಲ್ಲ. ಕನ್ನಡನಾಡಿನ ಕಲೆಗಳ ಚರಿತ್ರೆಯನ್ನು ಬರೆಯುವವರು ಹಳೇಬೀಡಿನ ಶಿಲ್ಪಿಗೂ ಚನ್ನಪಟ್ಟಣದ ಬಣ್ಣಗಾರನಿಗೂ ಕೊಟ್ಟಂತೆ ಈ ಸೂಜಿಗೂ ಒಂದು ಅಧ್ಯಾಯವನ್ನು ಕೊಡುವರೆ? ಈ ಪ್ರಶ್ನೆಯನ್ನು ಕೇಳುಗರ ವಿಚಾರಕ್ಕೆ ಒಪ್ಪಿಸಿ ವಿರಮಿಸುವೆನು.