ರೈಫಲ್ ತೋಟಾಗಳ ಮದ್ದಿನ ಪ್ರಮಾಣ: ಅಂಕಿಯೂ ಅದರ ಆಧಾರವೂ

ರೈಫಲಿನಿಂದ ಹಾರಿಸಿದ ತೋಟಾದಲ್ಲಿ ಗುಂಡು ಹೊರಟುಹೋಗಿ, ಮದ್ದು ಉರಿದುಹೋದರೂ ಅದರ ಹಿತ್ತಾಳೆಯ ಕೋಶವು ಸಾಮಾನ್ಯವಾಗಿ ಕೆಡದೆ ಉಳಿಯುತ್ತದೆ. ಈ ಕೋಶಕ್ಕೆ ಹೊಸ ಕೇಪು, ಮದ್ದು, ಗುಂಡುಗಳನ್ನು ಕೂಡಿಸಿ ಮರಳಿ ಬಳಸುವ ಪದ್ಧತಿಯು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 19ನೆಯ ಶತಮಾನದ ಕೊನೆಯ ದಶಕಗಳಿಂದಲೂ ರೂಢಿಯಲ್ಲಿದೆ. ನಮ್ಮ ದೇಶದಲ್ಲಿಯಾದರೋ 1959ರ ಆಯುಧ ಅಧಿನಿಯಮದ ಮೇರೆಗೆ ಪರವಾನಗಿಯಿಲ್ಲದೆ ಮದ್ದುಗುಂಡುಗಳನ್ನು ತಯಾರಿಸುವಂತಿಲ್ಲ. ಆದರೂ ಈ ಪದ್ಧತಿಯಿಂದ ಏಳುವ ಪ್ರಶ್ನೆಯೊಂದು ಇತಿಹಾಸದ ಅಭ್ಯಾಸಿಗಳಾದ ನಮಗೆ ವಿಚಾರಾರ್ಹವಾಗಿದೆ. ಕೋಶದಲ್ಲಿ ತುಂಬಬೇಕಾದ ಮದ್ದು ಎಷ್ಟು ಎಂಬುದನ್ನು ಕೈಪಿಡಿಗಳ ಕೋಷ್ಟಕಗಳು ತಿಳಿಸುತ್ತವೆ. ಆ ಅಂಕಿಗಳು ಹುಟ್ಟಿದುದು ಹೇಗೆ, ಅವುಗಳನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ಇಲ್ಲಿ ಪರಿಶೀಲಿಸುವೆವು. ಅಂಕಿಯನ್ನು ತಪ್ಪಾಗಿ ಓದಿದವನು ತೆರಬೇಕಾದ ಬೆಲೆ ಕೈಬೆರಳು, ಕಣ್ಣು, ಕೆಲವೊಮ್ಮೆ ಪ್ರಾಣವೇ ಆಗಿರುವುದರಿಂದ ಇದು ಕೇವಲ ಪಾಂಡಿತ್ಯದ ಕುತೂಹಲವಲ್ಲ.

ಬಂದೂಕಿನ ಸುರಕ್ಷತೆಯನ್ನು ಪರೀಕ್ಷಿಸುವ ಮೊದಲ ವ್ಯವಸ್ಥೆಗಳು ಮದ್ದನ್ನು ಅಳೆಯಲಿಲ್ಲ, ನಳಿಗೆಯನ್ನು ಪರೀಕ್ಷಿಸಿದವು. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ 1637ರಲ್ಲಿ ರಾಜಸನ್ನದು ದೊರೆಯಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹವು 1813ರ ಕಾನೂನಿನಿಂದ ಸ್ಥಾಪಿತವಾಯಿತು. ಇಲ್ಲಿ ನಳಿಗೆಗೆ ವಾಡಿಕೆಗಿಂತ ಹೆಚ್ಚು ಮದ್ದನ್ನು ತುಂಬಿ ಹಾರಿಸುತ್ತಿದ್ದರು; ಒಡೆಯದೆ ಉಳಿದುದಕ್ಕೆ ಮುದ್ರೆಯನ್ನೊತ್ತುತ್ತಿದ್ದರು. ನಳಿಗೆಯು ಆ ದಿನ ಆ ಹೊಡೆತವನ್ನು ತಾಳಿತೆಂಬುದು ಮಾತ್ರ ಇದರಿಂದ ಸಿದ್ಧವಾಗುತ್ತಿತ್ತು. ಒಳಗಿನ ಒತ್ತಡವೆಷ್ಟೆಂಬುದು ತಿಳಿಯುತ್ತಿರಲಿಲ್ಲ.

ಒತ್ತಡವನ್ನು ಅಂಕಿಯಲ್ಲಿ ಹೇಳುವ ಪ್ರಯತ್ನವನ್ನು ಶಾಸ್ತ್ರೀಯವಾಗಿ ಕೈಗೊಂಡವರಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಅಗ್ರಗಣ್ಯನು. ಗುಂಡಿನ ವೇಗವನ್ನು ತೂಗುಲೋಲಕದಿಂದ ಅಳೆಯುವ ಕ್ರಮವನ್ನು ಈತನು 1742ರ ತನ್ನ ಗ್ರಂಥದಲ್ಲಿ ವಿವರಿಸಿದನು. ಗಣಿತಜ್ಞ ಆಯ್ಲರನು 1745ರಲ್ಲಿ ಅದನ್ನು ಜರ್ಮನ್ ಭಾಷೆಗೆ ತಂದನು. ಈಸ್ಟ್ ಇಂಡಿಯಾ ಕಂಪೆನಿಯ ಇಂಜಿನಿಯರನಾಗಿ ದಕ್ಷಿಣ ಭಾರತಕ್ಕೆ ಬಂದ ರಾಬಿನ್ಸನು 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಕಾಲವಾದನು. ಉರಿದ ಮದ್ದಿನ ಒತ್ತಡವು ವಾಯುಮಂಡಲದ ಒತ್ತಡದ ಸುಮಾರು 1,000 ಪಟ್ಟು ಎಂದು ಆತನು ಲೆಕ್ಕಹಾಕಿದ್ದನು. 1797ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದ ಕೌಂಟ್ ರಮ್‌ಫರ್ಡನ ಲೆಕ್ಕವಾದರೋ 50,000 ಪಟ್ಟನ್ನೂ ಮೀರಿತು. 1870ರ ದಶಕದಲ್ಲಿ ಆಂಡ್ರೂ ನೋಬಲ್ ಮತ್ತು ಫ್ರೆಡರಿಕ್ ಏಬಲ್ ಗಟ್ಟಿಯಾದ ಉಕ್ಕಿನ ಪಾತ್ರೆಯನ್ನು ಮದ್ದಿನಿಂದ ಪೂರ್ತಿಯಾಗಿ ತುಂಬಿ ಉರಿಸಿ, ಒತ್ತಡವು ಸುಮಾರು 6,400 ಪಟ್ಟು ಎಂದು ನಿರ್ಣಯಿಸಿದರು. ಇವರೆಲ್ಲರೂ ಪ್ರಾಮಾಣಿಕ ಸಂಶೋಧಕರೇ. ಮದ್ದು ಮೂರು ಬಗೆಯಾಗಿ ವರ್ತಿಸಿತೆಂದಲ್ಲ, ಅಳೆದ ಕ್ರಮಗಳು ಬೇರೆಯಾಗಿದ್ದುವು. ಅಂಕಿಯನ್ನು ಅದನ್ನು ಹುಟ್ಟಿಸಿದ ಉಪಕರಣದಿಂದ ಬೇರ್ಪಡಿಸಲಾಗದೆಂಬುದಕ್ಕೆ ಇದೇ ಮೊದಲನೆಯ ಸಾಕ್ಷ್ಯ.

ಕರಿಮದ್ದಿನ ಕಾಲದಲ್ಲಿ ಇಂತಹ ಅಜ್ಞಾನವು ಬಳಕೆದಾರನಿಗೆ ಅಷ್ಟಾಗಿ ಬಾಧಕವಾಗಲಿಲ್ಲ. 1873ರಲ್ಲಿ ಅಮೆರಿಕಾದ ಸೈನ್ಯವು ಸ್ವೀಕರಿಸಿದ .45-70 ತೋಟಾವನ್ನು ನೋಡಬಹುದು. ಮೊದಲ ಸಂಖ್ಯೆ ಇಂಚಿನ ನೂರನೆಯ ಭಾಗಗಳಲ್ಲಿ ಗುಂಡಿನ ವ್ಯಾಸ. ಎರಡನೆಯದು ಕರಿಮದ್ದಿನ ತೂಕ, ಅಂದರೆ 70 ಗ್ರೇನು. ಅಷ್ಟು ಮದ್ದಿಗೆ ಕೋಶವು ಭರ್ತಿಯಾಗುತ್ತಿತ್ತು. ಮರೆವಿನಿಂದ ಎರಡು ಬಾರಿ ಸುರಿಯಹೋದರೆ ಮದ್ದು ಹೊರಚೆಲ್ಲುತ್ತಿತ್ತು. ಕೋಶದ ಗಾತ್ರವೇ ಕಾವಲುಗಾರನಾಗಿತ್ತು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯನು ರೈಫಲುಗಳಿಗೆ ಒಗ್ಗುವ ಹೊಗೆರಹಿತ ಮದ್ದನ್ನು ಸಿದ್ಧಪಡಿಸಿದ ಮೇಲೆ ಈ ಕಾವಲು ತಪ್ಪಿತು. ಹೊಸ ಮದ್ದಿನ ಶಕ್ತಿ ಹೆಚ್ಚು, ಬೇಕಾಗುವ ತೂಕ ಕಡಮೆ. ಮೇಲಾಗಿ ಒತ್ತಡವೇರಿದಂತೆ ಅದು ಉರಿಯುವ ವೇಗವೂ ಏರುತ್ತದೆ. ವೇಗವೇರಿದಂತೆ ಒತ್ತಡವು ಇನ್ನಷ್ಟು ಬೆಳೆಯುತ್ತದೆ. ಆದುದರಿಂದ ಅಳತೆಯಲ್ಲಿ ಅಲ್ಪ ವ್ಯತ್ಯಾಸವಾದರೂ ಪರಿಣಾಮದಲ್ಲಿ ಮಹತ್ತರ ವ್ಯತ್ಯಾಸವುಂಟಾಗಬಹುದು. ಚರೆಕೋವಿಗಳಿಗೆಂದು ಮಾಡಿದ ಹೊಗೆರಹಿತ ಮದ್ದುಗಳಲ್ಲಿ ಎರಡು ಬಗೆಗಳಿದ್ದುವು: ಕರಿಮದ್ದಿನ ಹಳೆಯ ಅಳತೆಬಟ್ಟಲಿನಿಂದಲೇ ಅಳೆಯಬಹುದಾದ ಹಗುರವಾದ ಮದ್ದು ಒಂದು, ತೂಗಿಯೇ ಬಳಸಬೇಕಾದ ಸಾಂದ್ರವಾದ ಮದ್ದು ಮತ್ತೊಂದು. ಎರಡನೆಯದನ್ನು ಹಳೆಯ ಬಟ್ಟಲಿನಿಂದ ಅಳೆದರೆ ಅನಾಹುತವು ನಿಶ್ಚಿತ.

ತೋಟಾಗಳಿಗೆ ಹೆಸರಿಡುವ ಹಳೆಯ ಪದ್ಧತಿ ಮಾತ್ರ ಕೆಲಕಾಲ ಹಾಗೆಯೇ ಮುಂದುವರಿಯಿತು. 1895ರಲ್ಲಿ ಬಂದ .30-30 ತೋಟಾದ ಹೆಸರಿನಲ್ಲಿರುವ ಎರಡನೆಯ 30 ಎಂಬುದು ಅಂದಿನ ಹೊಗೆರಹಿತ ಮದ್ದಿನ ಗ್ರೇನುಗಳನ್ನು ಸೂಚಿಸುತ್ತಿತ್ತು. ಆ ಮದ್ದು ಮರೆಯಾಗಿ ಬೇರೆ ಬೇರೆ ವೇಗದಲ್ಲಿ ಉರಿಯುವ ಅನೇಕ ಮದ್ದುಗಳು ಬಂದ ಮೇಲೂ ಹೆಸರು ಉಳಿಯಿತು. ಇಂದು ಅದು ಹೆಸರೇ ಹೊರತು ಸಲಹೆಯಲ್ಲ. .45-70ರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅದೇ ತೋಟಾವನ್ನು 1873ರ ಮಾದರಿಯ ದುರ್ಬಲವಾದ ರೈಫಲಿನಲ್ಲಿಯೂ, ಅನಂತರ ತಯಾರಾದ ಬಹು ಬಲವಾದ ರೈಫಲುಗಳಲ್ಲಿಯೂ ತುಂಬಬಹುದು. ಈ ಕಾರಣದಿಂದ ಪ್ರಮುಖ ಕೈಪಿಡಿಗಳು ಈ ಒಂದೇ ತೋಟಾಕ್ಕೆ ರೈಫಲಿನ ಬಲಕ್ಕನುಸಾರವಾಗಿ ಪ್ರತ್ಯೇಕ ಕೋಷ್ಟಕಗಳನ್ನು ಕೊಡುತ್ತವೆ. ಒಂದರ ಅಂಕಿಯನ್ನು ಮತ್ತೊಂದಕ್ಕೆ ಅನ್ವಯಿಸುವುದು ಅಪಾಯಕರ.

ಮದ್ದಿನ ಹೆಸರೂ ವಂಚಿಸಬಲ್ಲುದು. ಎರಡನೆಯ ಮಹಾಯುದ್ಧದ ತರುವಾಯ ಸೈನ್ಯದಲ್ಲಿ ಮಿಕ್ಕಿದ 4831 ಎಂಬ ಮದ್ದನ್ನು ಬ್ರೂಸ್ ಹಾಜ್‌ಡನ್ ಎಂಬಾತನು ಅಗ್ಗವಾಗಿ ಮಾರಿದನು. ಅದಕ್ಕೆ ಬಹುಸಂಖ್ಯೆಯ ಬಳಕೆದಾರರು ದೊರೆತರು. 1970ರ ದಶಕದಲ್ಲಿ ಡ್ಯೂಪಾಂಟ್ ಸಂಸ್ಥೆಯು ಅದೇ ಸಂಖ್ಯೆಯಿಂದ ಮಾರಿದ ಮದ್ದು ಅದಕ್ಕಿಂತ ಬೇಗನೆ ಉರಿಯುವಂತಹುದು. ಸಂಖ್ಯೆಯೊಂದೇ ಆದರೂ ವಸ್ತು ಒಂದಲ್ಲ. ನಿಧಾನವಾಗಿ ಉರಿಯುವುದಕ್ಕೆ ಬರೆದ ಗರಿಷ್ಠ ಪ್ರಮಾಣವನ್ನು ಬೇಗನೆ ಉರಿಯುವುದಕ್ಕೆ ಬಳಸಿದರೆ ಒತ್ತಡವು ಮಿತಿಮೀರುತ್ತದೆ.

ಮದ್ದು ಸರಿಯಾಗಿದ್ದಾಗಲೂ ಇತರ ಅಂಗಗಳು ಬದಲಾದರೆ ಅಂಕಿಯು ಆಧಾರವನ್ನು ಕಳೆದುಕೊಳ್ಳುತ್ತದೆ. ಅಮೆರಿಕಾದ ಫ್ರಾಂಕ್‌ಫರ್ಡ್ ಆಯುಧಾಗಾರವು 1921ರ ರಾಷ್ಟ್ರೀಯ ಗುರಿಸ್ಪರ್ಧೆಗೆಂದು ತವರ ಲೇಪಿಸಿದ ಗುಂಡುಗಳ ತೋಟಾಗಳನ್ನು ತಯಾರಿಸಿತು. ಆ ತವರವು ಕಾಲಕ್ರಮದಲ್ಲಿ ಕೋಶದ ಕೊರಳಿಗೆ ಬೆಸೆದುಕೊಂಡಿತು. ಕೆಲವು ಸ್ಪರ್ಧಿಗಳು ರೂಢಿಯಂತೆ ಗುಂಡಿಗೆ ಜಿಡ್ಡನ್ನೂ ಬಳಿದರು. ಕೊರಳು ಹಿಗ್ಗಿ ಗುಂಡನ್ನು ಬಿಡಲು ಎಡೆಯಿಲ್ಲದೆ ಒತ್ತಡವೇರಿ ರೈಫಲುಗಳು ಹಾನಿಗೊಂಡವು. ಸೇನಾಧಿಕಾರಿ ಜೂಲಿಯನ್ ಹ್ಯಾಚರನು ಈ ಪ್ರಕರಣವನ್ನು ತನ್ನ ಬರೆಹಗಳಲ್ಲಿ ದಾಖಲಿಸಿರುವನು.

ಇನ್ನು ಅಳತೆಯ ಮಾನವನ್ನು ಕುರಿತು ಒಂದು ಮಾತು. 19ನೆಯ ಶತಮಾನದ ನಡುವಿನಲ್ಲಿ ಅಮೆರಿಕಾದ ರಾಡ್ಮನ್ ಮತ್ತು ಇಂಗ್ಲೆಂಡಿನ ನೋಬಲ್ ತಾಮ್ರದ ತುಂಡಿನ ಮೇಲೆ ಒತ್ತಡವು ಮಾಡುವ ಗುರುತನ್ನು ಅಳೆಯುವ ಉಪಕರಣಗಳನ್ನು ನಿರ್ಮಿಸಿದರು. ಬಹುಕಾಲ ಅವುಗಳ ಫಲಿತಾಂಶವನ್ನು ಚದರ ಇಂಚಿಗೆ ಇಷ್ಟು ಪೌಂಡು ಎಂದೇ ಬರೆಯುತ್ತಿದ್ದರು. ಆದರೆ ಕ್ಷಣಮಾತ್ರದ ಶಿಖರ ಒತ್ತಡವನ್ನು ತಾಮ್ರವು ಪೂರ್ತಿಯಾಗಿ ತೋರಿಸದು. ಸ್ಫಟಿಕವು ಒತ್ತಡಕ್ಕೆ ವಿದ್ಯುತ್ತನ್ನು ಹೊಮ್ಮಿಸುವ ಗುಣವನ್ನಾಧರಿಸಿದ ಉಪಕರಣಗಳು ರೂಢಿಗೆ ಬಂದಾಗ ವ್ಯತ್ಯಾಸವು ಸ್ಪಷ್ಟವಾಯಿತು. 1926ರಲ್ಲಿ ಸ್ಥಾಪಿತವಾದ ಅಮೆರಿಕಾದ ತಯಾರಕರ ಸಂಸ್ಥೆ ಸ್ಯಾಮಿಯು .30-06 ತೋಟಾಕ್ಕೆ ತಾಮ್ರದ ಮಾನದಲ್ಲಿ 50,000 ಎಂದೂ, ವಿದ್ಯುತ್ತಿನ ಮಾನದಲ್ಲಿ 60,000 ಪೌಂಡು ಎಂದೂ ಮಿತಿಯನ್ನು ಗೊತ್ತುಪಡಿಸಿದೆ. ಇವು ಒಂದೇ ಸುರಕ್ಷತೆಯ ಎರಡು ಬರೆಹಗಳು. ಹಳೆಯ ಪುಸ್ತಕದ 50,000ವನ್ನು ಹೊಸ ಮಾನವೆಂದು ಭಾವಿಸಿ ಇನ್ನೂ ಹತ್ತು ಸಾವಿರಕ್ಕೆ ಅವಕಾಶವಿದೆಯೆಂದು ಎಣಿಸುವವನು ಮಿತಿಯ ಅಂಚಿನಲ್ಲಿಯೇ ನಿಂತಿರುವನು. ಯೂರೋಪಿನಲ್ಲಿ 1914ರಲ್ಲಿ ಬ್ರಸೆಲ್ಸಿನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮಂಡಳಿಯು ತನ್ನದೇ ಕ್ರಮದಿಂದ ಅಳೆಯುತ್ತದೆ. ಆದಕಾರಣ ಎರಡರ ಅಂಕಿಗಳನ್ನೂ ನೇರವಾಗಿ ಹೋಲಿಸಲಾಗದು.

ಅನುಭವಸ್ಥರು ವಿಧಿಸಿರುವ ನಿಯಮಗಳ ಅರ್ಥವು ಈ ಚರಿತ್ರೆಯಿಂದ ವಿಶದವಾಗುತ್ತದೆ. ಮದ್ದಿನ ಅಥವಾ ಗುಂಡಿನ ತಯಾರಕರು ಪ್ರಕಟಿಸಿದ ಇತ್ತೀಚಿನ ಕೋಷ್ಟಕವನ್ನೇ ನೋಡಬೇಕು. ಅದರಲ್ಲಿ ಹೇಳಿದ ಮದ್ದು, ಗುಂಡು, ಕೇಪು, ಕೋಶಗಳನ್ನು ಬದಲಿಸಬಾರದು. ಗರಿಷ್ಠದಿಂದಲ್ಲ, ಕೋಷ್ಟಕದ ಆರಂಭದ ಪ್ರಮಾಣದಿಂದ ತೊಡಗಿ ಮೆಲ್ಲನೆ ಏರಬೇಕು. ಬಾಯಿಮಾತಿನ ಅಂಕಿಯನ್ನು ಇನ್ನೊಂದು ಪ್ರಕಟಿತ ಆಧಾರದೊಡನೆ ತಾಳೆನೋಡದೆ ಸ್ವೀಕರಿಸಬಾರದು. ಶಾಸನವನ್ನು ಓದುವಾಗ ಬರೆಯಿಸಿದವರಾರು, ಯಾವ ಕಾಲ, ಯಾವ ಪ್ರತಿ ಎಂದು ನಾವು ಕೇಳುವೆವಷ್ಟೆ. ಮದ್ದಿನ ಕೋಷ್ಟಕವೂ ಅಂತಹ ದಾಖಲೆಯೇ: ಒಂದು ದಿನ, ಒಂದು ನಳಿಗೆಯಲ್ಲಿ, ಒಂದು ಉಪಕರಣದಿಂದ ಕಂಡುದರ ಸಾಕ್ಷ್ಯ. ನಮ್ಮ ಓದಿನಲ್ಲಾದ ತಪ್ಪನ್ನು ಮುಂದಿನ ಸಂಶೋಧಕನು ತಿದ್ದಿಯಾನು. ಇಲ್ಲಿ ಆದ ತಪ್ಪನ್ನು ತಿದ್ದಲು ಎರಡನೆಯ ಅವಕಾಶವು ದೊರೆಯದೆ ಹೋಗಬಹುದು.